ಬೆರಳ ತುದಿಯ ಬಡಿತ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಸತ್ತವರು ಬಂದರು, ಮಾತಾಡಿದರು ಎಂದರೆ ಎದ್ದು ಹೋಗುತ್ತಿದ್ದೆ. ಹೆಣ ಕೊಯ್ದು ವೈದ್ಯಕೀಯ ಕಲಿತವನು ನಾನು. ನೀವೂ ಇದನ್ನು ನಂಬಬೇಕೆಂದು ನನ್ನ ಒತ್ತಾಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಎಂಬತ್ತರ ದಶಕದಲ್ಲಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ಕಿರಿಯ ವೈದ್ಯನಾಗಿದ್ದೆ. ನನ್ನ ಊರು ಶಹಾಬಾದ. ಒಂದು ದಿನ ವಾರ್ಡಿನಲ್ಲಿ ನಮ್ಮ ಕಡೆಯ ಕನ್ನಡ ಕಿವಿಗೆ ಬಿತ್ತು. ಮಾತಾಡುತ್ತಿದ್ದ ರೋಗಿ ಮಹಬೂಬಸಾಬ, ನಮ್ಮೂರ ಪಕ್ಕದ ವಾಡಿಯ ರೈಲು ಎಂಜಿನ್ ಡ್ರೈವರ್. ಜತೆಗೆ ಅವರ ತಮ್ಮ ಬಂದಿದ್ದ. ಹೆಂಡತಿ ಮಕ್ಕಳು ವಾಡಿಯಲ್ಲೇ ಇದ್ದರು.

ಆಗ ಬೈಪಾಸಿಗೆ ಹೆಚ್ಚಾಗಿ ಕಾಲಿನ ರಕ್ತನಾಳವನ್ನೇ ತೆಗೆಯುತ್ತಿದ್ದರು. ನಮ್ಮ ಹಿರಿಯ ಸರ್ಜನ್ ಮಾತ್ರ ಅದರ ಜತೆಗೆ ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುವ ಅಪಧಮನಿಯನ್ನೂ ಬಿಡಿಸಿ ಬಳಸುತ್ತಿದ್ದರು. ಮೇಲಿನ ತುದಿ ಇದ್ದಲ್ಲೇ ಇರುತ್ತದೆ, ಕೆಳಗಿನ ತುದಿಯನ್ನು ಕತ್ತರಿಸಿ ಹೃದಯಕ್ಕೆ ಹೊಲಿಯುತ್ತಾರೆ. ಬಿಡಿಸುವಾಗ ಸ್ವಲ್ಪ ಗಾಯವಾದರೂ ಅದು ಕೆಲಸಕ್ಕೆ ಬಾರದು. ಆ ಕೆಲಸ ಮೊದಲ ಸಲ ನನ್ನ ಪಾಲಿಗೆ ಬಂದಿತ್ತು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಹಬೂಬಸಾಬ ಕೇಳಿದರು: "ಅಲ್ರೀ ಡಾಕ್ಟರ್ ಸಾಬ, ತೆಗೆದ ಜಾಗಾ ಖಾಲಿ ಉಳಿಯಂಗಿಲ್ಲೇನ್ರಿ?"

"ಏನೂ ಆಗಂಗಿಲ್ರಿ ಚಾಚಾ. ಅಲ್ಲಿಗೆ ಬ್ಯಾರೆ ಕಡಿಯಿಂದ ರಕ್ತ ಬರ್ತದ."

"ಯಾರ್ ತಗೀತಾರ?"

"ನಾನೇ."

ಅವರ ಮುಖ ಸಡಿಲವಾಯಿತು. "ಹಂಗಾರ ಭಾಳ ಛಲೋ ಆತು. ನಮ್ಮ ಕಡಿ ಕೈ."

ಮರುದಿನ ಒಂದು ಗಂಟೆ ಉಸಿರು ಬಿಗಿಹಿಡಿದು ಆ ನಾಳವನ್ನು ಬಿಡಿಸಿದೆ. ಎಲ್ಲೂ ಗಾಯವಾಗಲಿಲ್ಲ. ತುದಿಗೆ ಕ್ಲಿಪ್ಪು ಹಾಕಿ, ಔಷಧಿಯಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿದೆ. ಆಮೇಲೆ ರಕ್ತದ ಓಡಾಟವನ್ನು ಯಂತ್ರಕ್ಕೆ ವಹಿಸಿ ಹೃದಯವನ್ನು ನಿಲ್ಲಿಸಿದರು. ಯಂತ್ರದ ರಕ್ತ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುತ್ತದೆ. ನಾಡಿ ಎಲ್ಲಿಯೂ ಸಿಗುವುದಿಲ್ಲ.

ಸರ್ಜನ್ ಮೊದಲು ಕಾಲಿನ ನಾಳ ಹೊಲಿಯುತ್ತಿದ್ದರು. ನಾನು ಎದೆಯ ನಾಳವನ್ನು ಹಿಡಿದು ನಿಂತಿದ್ದೆ. ಆಗ ಅದು ಬೆರಳಿನ ಕೆಳಗೆ ಬಡಿಯಿತು. ನಿಧಾನವಾಗಿ, ಸ್ಪಷ್ಟವಾಗಿ. ಕಣ್ಣೆದುರಿಗೆ ಹೃದಯ ತಣ್ಣಗೆ, ಅಲುಗದೆ ಬಿದ್ದಿತ್ತು. ಸರ್ಜನ್‌ಗೆ ಹೇಳಿದೆ. ಅವರು ಮುಟ್ಟಿ ನೋಡಿ, ಅದು ನಿನ್ನ ಬೆರಳಿನದೇ ನಾಡಿ ಎಂದರು. ಆದರೆ ಹೆದರಿಕೆಯಿಂದ ನನ್ನ ಎದೆ ಓಡುತ್ತಿತ್ತು. ಆ ಬಡಿತ ಅದರ ಅರ್ಧದಷ್ಟೂ ವೇಗವಾಗಿರಲಿಲ್ಲ.

ನಾಳಕ್ಕಾಗಿ ಅವರು ಕೈ ಚಾಚಿದರು. ನನ್ನ ಬೆರಳು ಬಿಚ್ಚಲಿಲ್ಲ. "ಬಿಡು" ಎಂದು ಗದರಿದರು. ಬಿಟ್ಟೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿತ್ತು.

ಹೊಲಿಗೆ ಚೆನ್ನಾಗಿಯೇ ಆಯಿತು. ಆದರೆ ಆ ಹೃದಯ ಮತ್ತೆ ಹೊರಡಲಿಲ್ಲ. ಎರಡು ಗಂಟೆ ಹೆಣಗಾಡಿದೆವು. ನಾಳದಲ್ಲಿ ದೋಷವಿಲ್ಲ, ಹೃದಯವೇ ಸೋತಿತ್ತು ಎಂದು ಸರ್ಜನ್ ನನ್ನ ಭುಜ ತಟ್ಟಿದರು.

ಅವರು ತೀರಿಕೊಂಡ ನಲವತ್ತನೆಯ ದಿನದ ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ಮನಸ್ಸು ತಡೆಯದೆ ವಾಡಿಗೆ ಹೋದೆ. ರೇಲ್ವೆ ಕ್ವಾರ್ಟರ್ಸಿನ ಬೇವಿನ ಮರದ ಮೇಲೆಲ್ಲ ಸಿಮೆಂಟ್ ಕಾರ್ಖಾನೆಯ ಧೂಳು ಕೂತಿತ್ತು. ಮಹಬೂಬಸಾಬರ ಹೆಂಡತಿ ಹಲೀಮಾಬಿ ಚಾಪೆ ಹಾಸಿ, "ಕುಂದ್ರಿ" ಎಂದರು. ನಾನು ಯಾರೆಂದು ಹೇಳಿದೆ. ಅವರು ಎದುರಿಗೆ ಕೂತು ಹೇಳತೊಡಗಿದರು.

"ಅವತ್ತ ರೊಟ್ಟಿ ಮಾಡಾಕತ್ತಿದ್ದೆ ರಿ. ಮಧ್ಯಾಹ್ನದ ಅಜಾನ್ ಆಗಾಕತ್ತಿತ್ತು. ಅವರು ಬಂದು ಬಾಗಲದಾಗ ನಿಂತ್ರು. ಒಳಗ ಬರ್ರಿ ಅಂದೆ. 'ಹ್ಯಾಂಗ ಬರ್ಲಿ? ಡಾಕ್ಟರ್ ಹಿಡಕೊಂಡಾನ, ಬಿಡವಲ್ಲ' ಅಂದ್ರು. ಕಣ್ಣ ಮುಚ್ಚಿ ತೆಗಿಯೂದ್ರಾಗ ಒಳಗ ಬಂದ್ಬಿಟ್ಟಿದ್ರು. ಆಮ್ಯಾಲ ಕಾಣಲಿಲ್ಲ."

ನಾನು ಬೆರಳು ಬಿಟ್ಟದ್ದೂ ಅದೇ ಹೊತ್ತಿಗೆ. ನಾನು ಹಿಡಿದು ನಿಂತದ್ದು ಆ ಕೋಣೆಯಲ್ಲಿದ್ದವರಿಗಷ್ಟೇ ಗೊತ್ತು. ಆಸ್ಪತ್ರೆಗೆ ಬಂದಿದ್ದ ಅವರ ಮೈದುನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಕೋಣೆಯಲ್ಲಿದ್ದ ಉಳಿದ ಯಾರಿಗೂ ಕನ್ನಡವೂ ಬರುತ್ತಿರಲಿಲ್ಲ, ವಾಡಿಯೂ ಗೊತ್ತಿರಲಿಲ್ಲ.

"ಹಿಡಕೊಂಡವ್ರು ನೀವೇ ಏನ್ರಿ?" ಎಂದು ಕೇಳಿದರು.

ಹೌದೆಂದೆ.

ಆ ತಾಯಿ ಸಿಟ್ಟಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನಷ್ಟು ಹೊತ್ತು ಹಿಡಕೋಬೇಕಿತ್ತಲ್ರೀ" ಎಂದರು.

ಆಮೇಲೆ ನೂರಾರು ಎದೆಗಳಿಂದ ಆ ನಾಳವನ್ನು ಬಿಡಿಸಿದ್ದೇನೆ. ಯಂತ್ರ ಶುರುವಾದ ಮೇಲೆ ಪ್ರತಿ ಸಲವೂ ಬೆರಳಿಟ್ಟು ನೋಡಿದ್ದೇನೆ. ಮತ್ತೆ ಎಂದೂ ಬಡಿದಿಲ್ಲ.