ಕೇರಿಗೆಲ್ಲ ಒಂದೇ ನಂಬರು

ಜಾಸ್ಮಿನ್ ಅವರ ಕೆಲಸವನ್ನು ಕೆಲವೇ ಪ್ಯಾರಾಗಳಲ್ಲಿ ಹೇಳಹೊರಟ ಈ ಧೈರ್ಯವನ್ನು ಓದುಗರು ಕ್ಷಮಿಸಬೇಕು. ತಪ್ಪೇನಾದರೂ ಕಂಡರೆ ಅದು ಬರೆದ ಕೈಯದು, ಅವರದಲ್ಲ.

ಸೊರಬದ ಬಸ್ ನಿಲ್ದಾಣದ ಎದುರು ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಂಡ ಫಯಾಜ್ ಅವರ ಟೈಲರಿಂಗ್ ಅಂಗಡಿಯ ಷಟರ್ ಎತ್ತಿ, ಮೂಲೆಯ ಜೆರಾಕ್ಸ್ ಯಂತ್ರದ ಮೇಲೆ ಬಿದ್ದ ಬಟ್ಟೆಚೂರುಗಳನ್ನು ಜಾಸ್ಮಿನ್ ಕೊಡವುತ್ತಿದ್ದಾರೆ. ಹೊಸಬಾಳೆ ಕಡೆಯ ಮೊದಲ ಬಸ್ಸಿಳಿದ ಉಚ್ಚಂಗಮ್ಮ ಫೋನನ್ನು ಕಿವಿಗೆ ಒತ್ತಿಕೊಂಡೇ ಒಳಬರುತ್ತಾರೆ.

“ಏ ಜಾಸ್ಮಿನ್ನು, ಬ್ಯಾಂಕ್ ಸಾಹೇಬ್ರು ಲೈನಲ್ಲೇ ಇದಾರೆ. ಏನೋ ನಂಬರ್ ಬಂದೈತಂತೆ, ಓದಿ ಹೇಳೇ ಮಾರಾಯ್ತಿ. ಇಲ್ದಿದ್ರೆ ಖಾತೆ ಬಂದ್ ಅಂತೆ!”

ಜಾಸ್ಮಿನ್ ಫೋನ್ ಈಸಿಕೊಂಡು ಮೆಸೇಜು ನೋಡುತ್ತಾರೆ. ಓದಿ ಹೇಳುವುದಿಲ್ಲ. ಕರೆ ಕಟ್ ಮಾಡುತ್ತಾರೆ.

“ಸಾಹೇಬ್ರು ಮಾತಾಡ್ತಿರುವಾಗ್ಲೇ ಇಟ್ಬಿಟ್ಯಲ್ಲೇ! ಇನ್ಮೇಲೆ ನಿನ್ ಅಂಗಡಿಗೆ ಕಾಲಿಟ್ರೆ ಕೇಳು.”

“ಬೈರಿ ದೊಡ್ಡಮ್ಮಾ, ಬೈಸ್ಕಂತೀನಿ. ಬ್ಯಾಂಕ್ ತೆಗೀಲಿ, ಒಟ್ಟಿಗೇ ಹೋಗಾಣ. ಸಾಹೇಬ್ರ ಮುಖಾನೂ ನೋಡ್ದಂಗಾಗುತ್ತೆ.”

ಬ್ಯಾಂಕಿಗೆ ಹೋಗಿ ಕೇಳಿದರೆ, ಅಲ್ಲಿಂದ ಯಾರೂ ಕರೆ ಮಾಡಿರಲಿಲ್ಲ. ಇನ್ನೊಂದು ಸಂಗತಿಯೂ ಅಲ್ಲೇ ಬಯಲಾಯಿತು: ಆ ಮೆಸೇಜು ಉಚ್ಚಂಗಮ್ಮನವರ ಖಾತೆಯದಲ್ಲ, ನೆರೆಮನೆಯ ದುರ್ಗಮ್ಮನ ವಿಧವಾ ವೇತನ ಬೀಳುವ ಖಾತೆಯದು. ಹಿಂದೆ ಸ್ವಸಹಾಯ ಸಂಘದ ಹೆಂಗಸರು ಖಾತೆ ತೆರೆಯುವಾಗ ಕೇರಿಯಲ್ಲಿ ಫೋನಿದ್ದದ್ದು ಉಚ್ಚಂಗಮ್ಮನವರ ಬಳಿ ಮಾತ್ರ. ಎಲ್ಲರೂ ಅದೇ ನಂಬರ್ ಕೊಟ್ಟಿದ್ದರು. ‘ನಮ್ ಕೇರಿ ಟವರ್’ ಎಂದೇ ಅವರಿಗೆ ಹೆಸರು. ಅವರೊಬ್ಬರನ್ನು ನಂಬಿಸಿದ್ದರೆ ಸಾಕಿತ್ತು, ಇಡೀ ಕೇರಿಯ ಉಳಿತಾಯ ಬರಿದಾಗುತ್ತಿತ್ತು.

ಶಿಕಾರಿಪುರದ ಗಡಿಯಾರ ರಿಪೇರಿಯವರ ಮಗಳಾದ ಜಾಸ್ಮಿನ್ ಓದಿದ್ದು ಪಿಯುಸಿ. ಆ ಕರೆ ಬಂದ ದಿನದಿಂದ ಸಂಘದ ಹೆಂಗಸರನ್ನು ಒಬ್ಬೊಬ್ಬರಾಗಿ ಬ್ಯಾಂಕಿಗೆ ಕರೆದೊಯ್ದು ಅವರವರದೇ ನಂಬರ್ ಹಾಕಿಸುತ್ತಿದ್ದಾರೆ. ಆ ಹೊತ್ತಿಗೆ ಬಂದ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. “ಹೆಂಡ್ತಿಗೆ ಬ್ಯಾಂಕಲ್ಲಿ ಕೆಲ್ಸ ಸಿಕ್ತೇನ್ರೀ?” ಎಂದು ಕೆಣಕಿದವರಿಗೆ ಫಯಾಜ್ ಸೂಜಿಯಿಂದ ಕಣ್ಣೆತ್ತದೆ ಹೇಳುತ್ತಾರೆ: “ಸಿಕ್ಕೈತ್ರೀ, ಸಂಬ್ಳ ಒಂದು ಬಂದಿಲ್ಲ.”

ದುರ್ಗಮ್ಮ ಮಾತ್ರ ಜಗ್ಗಿರಲಿಲ್ಲ. “ನಂಗ್ಯಾಕೆ ಫೋನು? ನಂಗ್ಯಾರು ಮಾಡ್ತಾರೆ?”

“ಕಳ್ಳ ಮಾಡ್ತಾನಲ್ಲ ದುರ್ಗಮ್ಮಾ. ಬೇರೆಯವ್ರಿಗ್ಯಾಕೆ ತೊಂದ್ರೆ, ನಿಮ್ ಹತ್ರಾನೇ ಬೈಸ್ಕೊಳ್ಲಿ” ಎಂದು ಜಾಸ್ಮಿನ್ ಹಳೆಯದೊಂದು ಬಟನ್ ಫೋನು ಕೈಗಿಟ್ಟರು.

ಹಾಳಾದ ಆಧಾರ್ ಜೆರಾಕ್ಸ್ ಪ್ರತಿಗಳನ್ನು ಜಾಸ್ಮಿನ್ ಈಗ ಫಯಾಜ್ ಅವರ ಕತ್ತರಿಯಲ್ಲಿ ಚೂರು ಮಾಡುತ್ತಾರೆ. ಮೊದಲು ಅವು ಮಂಡಕ್ಕಿ ಕಟ್ಟಲು ಎದುರಿನ ಅಂಗಡಿಗೆ ಹೋಗುತ್ತಿದ್ದವು. “ನಮ್ಮಿಂದ ಯಾರ ಹೆಸ್ರೂ ಹೊರಗೆ ಹೋಗಬಾರ್ದು. ಅಷ್ಟಾದ್ರೆ ಸಾಕು ನಂಗೆ” ಎನ್ನುತ್ತಾರೆ.

ಕರೆ ಮಾಡಿದವನು ಉಚ್ಚಂಗಮ್ಮನವರನ್ನು ಹೆಸರು ಹಿಡಿದೇ ಮಾತಾಡಿಸಿದ್ದ. ಆ ಹೆಸರು ಅವನಿಗೆ ಮಂಡಕ್ಕಿ ಪೊಟ್ಟಣದಿಂದ ಸಿಕ್ಕಿತೋ, ಬೇರೆಲ್ಲಿಂದಲೋ, ಜಾಸ್ಮಿನ್ ಅವರಿಗೆ ಗೊತ್ತಿಲ್ಲ. ಎಷ್ಟು ವಿಚಾರಿಸಿದರೂ ಇದನ್ನು ಬರೆದವರಿಗೂ ಅದು ಗೊತ್ತಾಗಲಿಲ್ಲ.