ಲೈನ್ ಮನೆಗಳ ಮೇಲಿಂದ ಹೋದ ದಾರಿ

ಕೊಡಗಿನ ಮೂರ್ನಾಡಿನಿಂದ ಸ್ವಲ್ಪ ಒಳಗಿರುವ ಆ ಕಾಫಿ ಎಸ್ಟೇಟಿಗೆ ನಾನು ಮೊದಲ ಸಲ ಹೋದದ್ದು ಜೀಪಿನ ತುಂಬ ವೈರ್‌ಲೆಸ್ ಪೆಟ್ಟಿಗೆಗಳನ್ನು ಹೇರಿಕೊಂಡು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜೋಳ, ಶುಂಠಿ ಬೆಳೆದವರ ಮಗಳು. ಎಸ್ಟೇಟಿನ ಕಟ್ಟುಪಾಡು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಅಲ್ಲಿ ಇಂಟರ್ನೆಟ್ ಕೇಬಲ್ ಇದ್ದದ್ದು ಎರಡೇ ಕಡೆ: ಎಸ್ಟೇಟ್ ಆಫೀಸಿನಲ್ಲಿ ಮತ್ತು ರಸ್ತೆಬದಿಯ ಸರ್ಕಾರಿ ಶಾಲೆಯಲ್ಲಿ. ಇವೆರಡು ನಮ್ಮ ಗೇಟ್‌ವೇಗಳು, ಅಂದರೆ ಹೊರಗಿನ ನೆಟ್ಟಿಗೆ ಬಾಗಿಲುಗಳು. ಉಳಿದ ಪೆಟ್ಟಿಗೆಗಳು ಸಂದೇಶವನ್ನು ಒಂದರಿಂದ ಒಂದಕ್ಕೆ ದಾಟಿಸಿ ಇವುಗಳಲ್ಲಿ ಒಂದಕ್ಕೆ ಮುಟ್ಟಿಸಬೇಕು. ದಾರಿ ಆರಿಸುವ ಎರಡು ಪ್ರೊಟೊಕಾಲ್‌ಗಳನ್ನು, ಅಂದರೆ ನಿಯಮಗಳ ಕಟ್ಟುಗಳನ್ನು, ಹೋಲಿಸುವುದು ನನ್ನ ಪ್ರಾಜೆಕ್ಟು. ಒಂದು, ನಡುವೆ ಎಷ್ಟು ಕಡಿಮೆ ಪೆಟ್ಟಿಗೆ ಬಂದರೆ ಅಷ್ಟು ಒಳ್ಳೆಯ ದಾರಿ ಎನ್ನುತ್ತದೆ. ಇನ್ನೊಂದು ಆಗಾಗ ಪರೀಕ್ಷೆಯ ಸಂದೇಶ ಕಳಿಸಿ, ಎಷ್ಟು ತಲುಪಿತು ಎಂದು ನೋಡಿ ತೀರ್ಮಾನಿಸುತ್ತದೆ.

ಮ್ಯಾನೇಜರ್ ಒಪ್ಪಿದ್ದು ಗುಡ್ಡದ ಮೇಲಿನ ತಮ್ಮ ಬಂಗಲೆಗೆ ನೆಟ್ ಬರುತ್ತದೆ ಎಂಬ ಆಸೆಗೆ. ಮೊದಲನೆಯ ಪ್ರೊಟೊಕಾಲ್ ಬಂಗಲೆಯಿಂದ ಆಫೀಸಿಗೆ ನೇರ ದಾರಿ ಹಿಡಿಯಿತು, ಸಿಲ್ವರ್ ಓಕ್ ಮರಗಳ ನಡುವಿನಿಂದ. ಎಲೆ ಒದ್ದೆಯಾದ ದಿನ ಅರ್ಧಕ್ಕರ್ಧ ಸಂದೇಶ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಎರಡನೆಯದು ಬಳಸಿಕೊಂಡು ಹೋಯಿತು: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿಗಿಳಿದು, ಕಾರ್ಮಿಕರ ಲೈನ್ ಮನೆಗಳ ಮೇಲೆ ಹಾದು, ಆಮೇಲೆ ಆಫೀಸು. ದಾರಿ ಉದ್ದ, ಆದರೆ ಗಟ್ಟಿ. ಅದಕ್ಕೂ ಕೊರತೆ ಇತ್ತು. ಶೆಡ್ಡಿನ ಕರೆಂಟು ಹೋದರೆ ಬೇರೆ ದಾರಿ ಹುಡುಕಲು ನಿಧಾನ ಮಾಡುತ್ತಿತ್ತು. ಅದನ್ನೂ ಬರೆದುಕೊಂಡೆ.

"ಲೈನ್ ಮೇಲಿನ ಪೆಟ್ಟಿಗೆ ಇರಲಿ," ಅಂದರು ಮ್ಯಾನೇಜರ್, "ಆದರೆ ಪಾಸ್‌ವರ್ಡ್ ಅವರಿಗೆ ಕೊಡಬೇಡಿ. ಫೋನ್ ಹಿಡಿದು ಕೂತರೆ ಪಿಕಿಂಗಿಗೆ ಬರೋರು ಯಾರು?"

"ಅವರ ಸೂರಿನ ಮೇಲಿಂದ ನಿಮ್ಮ ನೆಟ್ ಹೋಗಬಹುದು, ಅವರ ಮನೆಯೊಳಗೆ ಮಾತ್ರ ಬರಬಾರದಾ ಸರ್?"

ನಾನು ನೆಟ್ಟಗೆ ಲೈನಿಗೆ ಹೋಗಿ, ನೀರಿನ ತೊಟ್ಟಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪಾಸ್‌ವರ್ಡ್ ದಪ್ಪಗೆ ಬರೆದೆ. ಮ್ಯಾನೇಜರ್ ಆಫೀಸಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ನೋಡಲಿ ಎಂದೇ ಬರೆದದ್ದು.

ವಾರ ಕಳೆಯುವುದರೊಳಗೆ ಲೈನಿನ ಒಬ್ಬ ಹೆಂಗಸು ಫೋನ್ ಮಾಡಿದಳು. ಹಗಲು ಹಣ್ಣು ಕೊಯ್ದು, ಸಂಜೆ ಆನ್‌ಲೈನ್ ಪಾಠ ಕೇಳಿ ಬಿ.ಎ. ಓದುತ್ತಿದ್ದವಳು. "ಅಕ್ಕಾ, ಐದು ಗಂಟೆ ಆದ್ರೆ ನೆಟ್ ನಿಂತೋಗ್ತದೆ. ಸಿಗ್ನಲ್ ಮಾತ್ರ ಫುಲ್ ತೋರಿಸ್ತದೆ."

ಹೋಗಿ ನೋಡಿದರೆ, ಮ್ಯಾನೇಜರ್ ಐದಕ್ಕೆ ಸರಿಯಾಗಿ ಆಫೀಸಿನ ಮೋಡೆಮ್ ಆಫ್ ಮಾಡುತ್ತಿದ್ದರು. ತಮ್ಮ ಬಂಗಲೆಯ ನೆಟ್ ಹೋದರೂ ಸೈ ಎನ್ನುವಷ್ಟು ಹಠ. ಆಫೀಸಿನಲ್ಲಿದ್ದ ನಮ್ಮ ಪೆಟ್ಟಿಗೆ ಮಾತ್ರ ಚಾಲೂ ಇದ್ದು, 'ಗೇಟ್‌ವೇ ಇಲ್ಲಿದೆ' ಎಂದು ಎಲ್ಲಕ್ಕೂ ಸಾರುತ್ತಿತ್ತು. ಉಳಿದವು ಹತ್ತಿರದ್ದು ಎಂದು ಅದನ್ನೇ ನಂಬಿ ಸಂದೇಶ ಸುರಿಯುತ್ತಿದ್ದವು. ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಗೇಟ್‌ವೇ ಆರಿಸುವಂತೆ ಮಾಡಿದ್ದು ನನ್ನದೇ ತಪ್ಪು.

ನಿಯಮ ಬದಲಿಸಿದೆ. ಗೇಟ್‌ವೇ ತನ್ನಿಂದ ಹೊರಗೆ ನಿಜವಾಗಿ ಸಂಪರ್ಕ ಇದೆಯೇ ಎಂದು ಆಗಾಗ ಪರೀಕ್ಷಿಸಬೇಕು, ಇಲ್ಲದಿದ್ದರೆ ಸಾರುವುದನ್ನು ನಿಲ್ಲಿಸಬೇಕು. ಸಂಜೆ ಎಲ್ಲರ ನೆಟ್ಟೂ ಶಾಲೆಯ ಕೇಬಲ್ಲಿನಿಂದ ಹೋಗಬಹುದೇ ಎಂದು ಶಾಲೆಯ ಹೆಡ್‌ಮಿಸ್ ಅವರನ್ನು ಕೇಳಿದೆ. "ಸಂಜೆ ಇಲ್ಲಿ ಯಾರಿಗೆ ಬೇಕು, ಬಳಸಿಕೊಳ್ಳಿ," ಅಂದರು.

ಮರುದಿನ ಐದೂಕಾಲಿಗೆ ಮ್ಯಾನೇಜರ್ ಫೋನು. "ಮೋಡೆಮ್ ಆಫ್ ಇದೆ. ನನ್ನ ಬಂಗಲೆಗೆ ನೆಟ್ ಹೇಗೆ ಬರ್ತಿದೆ ಮೇಡಂ?"

"ಶಾಲೆಯಿಂದ ಸರ್, ಲೈನ್ ಮನೆಗಳ ಮೇಲಿಂದಲೇ. ಬೇಡ ಅಂದ್ರೆ ಹೇಳಿ, ನಿಮ್ಮದೊಂದನ್ನ ಕಟ್ ಮಾಡ್ತೀನಿ."

ಫೋನ್ ಇಟ್ಟುಬಿಟ್ಟರು. ಬದಲಿಗೆ ನಮ್ಮ ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲರಿಗೆ ದೂರು ಬಂತು, ನಾನು ಕಾರ್ಮಿಕರನ್ನು ಎತ್ತಿಕಟ್ಟುತ್ತಿದ್ದೇನೆ ಎಂದು. ಪ್ರಿನ್ಸಿಪಾಲರು, "ಒಂದು ಕ್ಷಮಾಪಣೆ ಪತ್ರ ಬರೆದುಬಿಡಿ, ಮುಗೀತು," ಅಂದರು. ನಾನು, ಲೈನ್ ಮನೆಗಳ ಮೇಲಿನ ದಾರಿಯೇ ಗಟ್ಟಿ ಎಂದು ತೋರಿಸುವ ಎರಡು ಪ್ರೊಟೊಕಾಲ್‌ಗಳ ಫಲಿತಾಂಶವನ್ನು ಅಚ್ಚು ಹಾಕಿ, ಸಹಿ ಮಾಡಿ, ಅವರ ಮೇಜಿನ ಮೇಲಿಟ್ಟೆ. "ಇದರಲ್ಲಿ ಸುಳ್ಳಿದ್ದರೆ ತೋರಿಸಿ ಸರ್, ಆಗ ಕ್ಷಮೆ ಕೇಳ್ತೀನಿ."

ಆ ವರ್ಷ ನನಗೆ ಬೇರೆ ಪ್ರಾಜೆಕ್ಟ್ ಕೊಡಲಿಲ್ಲ. ಪೆಟ್ಟಿಗೆಗಳನ್ನು ನಾನೂ ಕಳಚಲಿಲ್ಲ. ಆ ಹೆಂಗಸು ಈಗ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಹೋದ ತಿಂಗಳು ಮಳೆಗೆ ಕೆಟ್ಟ ಪೆಟ್ಟಿಗೆ ಬದಲಿಸಲು ಲೈನಿನ ಸೂರು ಹತ್ತಿದಾಗ ಏಣಿ ಹಿಡಿದವಳು ಅವಳೇ. ಕೆಳಗೆ ಮ್ಯಾನೇಜರ್ ಜೀಪು ಹಾದುಹೋಯಿತು. ಅವರು ನಮಸ್ಕಾರ ಮಾಡಲಿಲ್ಲ, ನಾವೂ ಕೆಲಸ ನಿಲ್ಲಿಸಲಿಲ್ಲ.