ಎರಡೂ ಎಡಗಡೆಯ ಎತ್ತುಗಳೇ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಮೈಮೇಲಿನ ಕೂದಲ ಸುಳಿ ನೋಡುತ್ತಾನೆ. ಸುಳಿಗಂತೂ ನಮ್ಮ ಕಡೆ ದೊಡ್ಡ ಶಾಸ್ತ್ರವೇ ಇದೆ. ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೇಡು ಎಂದು ಹೇಳುವ ಪಂಡಿತರು ಕಟ್ಟೆಗೊಬ್ಬರು ಸಿಗುತ್ತಾರೆ. ಆದರೆ ನೊಗದ ಯಾವ ಮಗ್ಗುಲಿಗೆ ನಡೆದು ರೂಢಿ ಎಂದು ಕೇಳಬೇಕೆಂಬುದು ನನಗೂ ಹೊಳೆಯಲಿಲ್ಲ, ನನ್ನ ತಮ್ಮ ಮಲ್ಲೇಶನಿಗೂ ಹೊಳೆಯಲಿಲ್ಲ.

ನಮ್ಮ ಹೊಲ ಕೊಟ್ಟೂರಿನ ಹತ್ತಿರ. ಹಳೆಯ ಎತ್ತುಗಳಿಗೆ ವಯಸ್ಸಾಗಿತ್ತು. ಮನಸ್ಸಿಗೊಪ್ಪುವ ಜೋಡಿ ಒಂದೇ ಕಡೆ ಸಿಗದೆ, ನಾನು ಹರಪನಹಳ್ಳಿ ಕಡೆಯಿಂದ ಒಂದು ಕೆಂದೆತ್ತು ತಂದೆ. ಮಲ್ಲೇಶ ಕೋಗಳಿ ಕಡೆಯಿಂದ ಒಂದು ಬಿಳಿಯ ಎತ್ತು ತಂದ. ಅವ್ವ ಎರಡಕ್ಕೂ ಆರತಿ ಎತ್ತಿ ಒಳಗೆ ಕರೆದುಕೊಂಡಳು. ಮೇವು ತಿಂದವು, ನೀರು ಕುಡಿದವು. ಹೊಂದಿಕೊಂಡವು ಎಂದುಕೊಂಡೆವು.

ಹೂಡಲು ಹೋದಾಗ ಎರಡೂ ಎಡಕ್ಕೇ ಬಂದು ನಿಂತವು. ಕೆಂದನನ್ನು ಬಲಕ್ಕೆ ನಿಲ್ಲಿಸಿದರೆ ಸುತ್ತಿಕೊಂಡು ಎಡಕ್ಕೆ ಬರುತ್ತಿತ್ತು. ಬಿಳಿಯದನ್ನು ಬಲಕ್ಕೆ ತಂದರೆ ಅದು ನೊಗಕ್ಕೆ ಕೊರಳನ್ನೇ ಕೊಡದು.

“ಅಣ್ಣಾ, ನಿನ್ನ ಎತ್ತಿಗೆ ಬಲಕ್ಕ ನಡಿಯಾಕ ಕಲಿಸು. ನಂದು ದುಡಿದ ಎತ್ತು” ಎಂದ ಮಲ್ಲೇಶ.

“ನಂದೇನು ತೋರ್ಸಾಕ ತಂದೀನೇನಲೇ?” ಎಂದೆ.

ಮಾತು ಬೆಳೆಯಿತು. ನೆಲದ ಹದ ನಮಗಾಗಿ ಕಾಯುವುದಿಲ್ಲವಲ್ಲ. ಬಾಡಿಗೆ ಟ್ರ್ಯಾಕ್ಟರ್ ತರಿಸಿ ಮೆಕ್ಕೆಜೋಳ ಬಿತ್ತಿದೆವು. ಅವನು ಒಂದು ಬದುವಿನ ಮೇಲೆ, ನಾನು ಇನ್ನೊಂದರ ಮೇಲೆ. ಊಟಕ್ಕೆ ಕೂತರೆ ಉಪ್ಪು ಬೇಕೆಂದು ಇಬ್ಬರೂ ಅವ್ವನಿಗೇ ಹೇಳುತ್ತಿದ್ದೆವು, ಉಪ್ಪು ನಮ್ಮಿಬ್ಬರ ನಡುವೆಯೇ ಇರುತ್ತಿತ್ತು. ಮಗ್ಗುಲಿನ ವಿಷಯ ಸಣ್ಣದಲ್ಲ ಎಂದು ಹೆಂಡತಿಗೆ ವಿವರಿಸಲು ಹೋದೆ. “ಗ್ವಾಡಿ ಮಗ್ಗಲಾ ಸಿಗದಿದ್ರ ನಿಮಗ ನಿದ್ದೀನ ಬರಂಗಿಲ್ಲ. ಪಾಪ, ಎತ್ತಿಗ್ಯಾಕ ಬೈತೀರಿ?” ಎಂದಳು.

ಕೊನೆಗೆ ಅವ್ವ ತೀರ್ಪು ಕೊಟ್ಟಳು: “ಸಾಲಿನ ಕಳೆ ತಗಿಯಾಕ ಎಡಿ ಹೊಡಿಯಾ ಹೊತ್ತಿಗೆ ಜೋಡಿ ಆಗಬೇಕು. ಯಾವುದು ಸಣ್ಣದೈತೋ ಅದು ಕಲೀಲಿ.” ಸಣ್ಣದು ನನ್ನದೇ. ಸಭೆಯಲ್ಲಿ ನನ್ನನ್ನು ಎಬ್ಬಿಸಿ ಬೇರೆ ಕಡೆ ಕೂರಿಸಿದಂತಾಯಿತು. ಕಲಿಸುವ ಗೋಜಿಗೆ ನಾನು ಹೋಗಲಿಲ್ಲ.

ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಕೆಂದನನ್ನು ಬಿಳಿಯದರ ಬಲಕ್ಕೆ ಕಟ್ಟಿತ್ತು. ಮಲ್ಲೇಶ ಮೇವೂ ಅಲ್ಲೇ ಹಾಕಿ, ನೀರಿಗೂ ಬಲಕ್ಕೇ ಹಿಡಿದು ನಡೆಸುತ್ತಿದ್ದ. ಕೆಲವು ದಿನದ ಮೇಲೆ ನೊಗ ಹೂಡಿ, ಬರೀ ಮರದ ದಿಮ್ಮಿ ಎಳೆಸಲು ಬಯಲಿಗೆ ಹೊರಟ. ನಾನು ಗೋಡೆಯ ಮರೆಯಲ್ಲಿ ನಿಂತು ಕೇಳಿದೆ. “ಬಾರಪ್ಪ, ಈ ಕಡಿ ಬಾ. ಸಿಟ್ಟು ಬಂದಿರಾದು ನಿಮ್ಮ ಮಾಲಕ್ಗ. ನಿನಗ್ಯಾಕ?” ಎಂದು ಎತ್ತಿಗೆ ಹೇಳುತ್ತಿದ್ದ. ನಗು ತಡೆಯಲಾಗಲಿಲ್ಲ. ಅವನು ತಿರುಗಿ ನೋಡಿದ, ನಗಲಿಲ್ಲ. ಕೆಂದನ ಹಗ್ಗವನ್ನು ನನ್ನತ್ತ ಚಾಚಿದ. ಹಿಡಿದುಕೊಂಡೆ. ಆಮೇಲೆ ದಿನಾ ಇಬ್ಬರೂ ಹೋಗುತ್ತಿದ್ದೆವು.

ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಎಡೆ ಹೊಡೆಯಲು ಹೂಡಿದೆವು. ಎರಡೂ ಎತ್ತು ಒಂದು ಸಸಿಯನ್ನೂ ತುಳಿಯದೆ ಸಾಲು ಹಿಡಿದು ನಡೆದವು. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಹೊಲದವರು ನಿಂತು ನೋಡಿದರು.

“ಬಲಗಡಿ ಎತ್ತು ಭಾರಿ ಐತಲ್ರೀ! ಯಾರದು?”

“ನಾ ತಂದದ್ದು” ಎಂದೆ.

“ನಾ ಕಲಿಸಿದ್ದು” ಎಂದ ಮಲ್ಲೇಶ.

ಬುತ್ತಿ ತಂದಿದ್ದ ಅವ್ವ ಬದುವಿನ ಮೇಲೆ ಕೂತಲ್ಲಿಂದಲೇ ಅಂದಳು: “ಎತ್ತು ಎರಡೂ ಹೊಂದಿಕೊಂಡಾವಪ್ಪ. ಇವರಿಬ್ಬರಿಗೆ ಇನ್ನೂ ಒಂದೀಟು ದಿನ ಬೇಕು.”